ವಕೀಲರೋ, ಸ್ವಂತ ಅರ್ಜಿಯೋ: ಅಮೆರಿಕದ ವಲಸೆ ಕಾನೂನಿನ ಮುಂದೆ ನಿಂತವನ ವಿವೇಚನೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ, ಅಥವಾ ನೆಲೆಸಬೇಕೆಂದು ಹೊರಟಿರುವ ನಮ್ಮವರ ಬಾಳಿನಲ್ಲಿ ಒಂದಲ್ಲ ಒಂದು ದಿನ ತಲೆದೋರದೆ ಇರದ ಪ್ರಶ್ನೆಯೊಂದುಂಟು. ವೀಸಾ, ಗ್ರೀನ್ ಕಾರ್ಡು, ಪೌರತ್ವ ಇವುಗಳಲ್ಲಿ ಯಾವುದೊಂದಕ್ಕಾದರೂ ಆ ಸರ್ಕಾರದ ಮುಂದೆ ಅರ್ಜಿಯಿಡಬೇಕಾಗಿ ಬಂದಾಗ ವಕೀಲರನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯವೋ, ಅಥವಾ ನಮೂನೆಯನ್ನು ತಾವೇ ತುಂಬಿ, ಶುಲ್ಕವನ್ನು ತಾವೇ ಕಟ್ಟಿ, ಕೆಲಸವನ್ನು ತಾವೇ ಮುಗಿಸಿಕೊಳ್ಳುವುದು ಸಾಧ್ಯವೋ ಎಂಬುದೇ ಆ ಪ್ರಶ್ನೆ. ಮೇಲುನೋಟಕ್ಕೆ ಇದು ಕೇವಲ ಹಣದ ಲೆಕ್ಕವೆಂದು ತೋರುತ್ತದೆ. ಸ್ವಲ್ಪ ಒಳಹೊಕ್ಕು ನೋಡಿದವರಿಗೆ, ತನ್ನ ಸ್ಥಿತಿಯನ್ನು ತಾನೇ ಸರಿಯಾಗಿ ತಿಳಿದುಕೊಳ್ಳಬಲ್ಲೆನೇ ಎಂಬ ಇನ್ನೂ ಕಠಿಣವಾದ ಪ್ರಶ್ನೆ ಅದರ ಬೆನ್ನಿಗೇ ನಿಂತಿರುವುದು ಕಾಣುತ್ತದೆ.

ಸ್ನೇಹಿತರ ವಲಯದಲ್ಲಿ ಇದಕ್ಕೆ ದೊರೆಯುವ ಉತ್ತರಗಳು ಸಾಮಾನ್ಯವಾಗಿ ಎರಡೇ ಬಗೆಯವು. ತಾನೇ ಅರ್ಜಿ ಹಾಕಿ ಕೆಲವೇ ತಿಂಗಳಲ್ಲಿ ಪೌರನಾದವನು, “ಲಾಯರಿಗೆ ಯಾಕೆ ಸುಮ್ಮನೆ ದುಡ್ಡು ಸುರಿಯುತ್ತೀರಿ?” ಎನ್ನುತ್ತಾನೆ, ಇಲಾಖೆಯಿಂದ ಬಂದ ಒಂದು ನೋಟೀಸಿನಿಂದ ನಿದ್ದೆಗೆಟ್ಟವನು, “ಲಾಯರಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ” ಎನ್ನುತ್ತಾನೆ. ಇಬ್ಬರೂ ಹೇಳುವುದು ನಿಜವೇ; ಆದರೆ ಅವರವರ ಕಡತದ ಮಟ್ಟಿಗೆ ಮಾತ್ರ ನಿಜ. ಇದಲ್ಲದೆ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವವನಿಗೂ ಉಪನೋಂದಣಾಧಿಕಾರಿಯ ಕಚೇರಿಯ ಪಕ್ಕದ ದಸ್ತಾವೇಜು ಬರಹಗಾರನಿಗೂ ನಾಲ್ಕು ಕಾಸು ಕೊಡದೆ ಸರ್ಕಾರಿ ಕಾಗದ ಮುಂದಕ್ಕೆ ಚಲಿಸದೆಂಬ ಅನುಭವದಲ್ಲಿ ಬೆಳೆದ ನಮ್ಮ ಜನಕ್ಕೆ, ನಡುವೆ ಒಬ್ಬನಿರಬೇಕೆಂಬ ನಂಬಿಕೆ ರಕ್ತಗತವಾಗಿರುವಂತೆಯೇ, ನಡುವೆ ನಿಂತವನೆಲ್ಲ ಹಣ ಕೀಳುವವನೆಂಬ ಗುಮಾನಿಯೂ ರಕ್ತಗತವಾಗಿದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ ನಾಡು ನಮ್ಮದು. ಈ ಎರಡು ಪೂರ್ವಗ್ರಹಗಳನ್ನೂ ಬದಿಗಿರಿಸಿ, ಅಮೆರಿಕದ ಕಾನೂನು ಈ ವಿಷಯದಲ್ಲಿ ಏನನ್ನು ವಿಧಿಸುತ್ತದೆ, ಅನುಭವ ಏನನ್ನು ಕಲಿಸುತ್ತದೆ ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವುದು ಉಚಿತ.

ಮೊದಲನೆಯದಾಗಿ ತಿಳಿಯಬೇಕಾದದ್ದು, ಆ ದೇಶದ ವಲಸೆ ಇಲಾಖೆ ವಕೀಲರನ್ನು ಇಟ್ಟುಕೊಳ್ಳಬೇಕೆಂದು ಯಾರನ್ನೂ ನಿರ್ಬಂಧಿಸುವುದಿಲ್ಲವೆಂಬುದು. 2003ರಲ್ಲಿ ಹಳೆಯ ವಲಸೆ ಇಲಾಖೆಯನ್ನು ಒಡೆದು ರಚಿಸಿದ, ಯು.ಎಸ್.ಸಿ.ಐ.ಎಸ್. ಎಂದು ಹೆಸರಾದ ಸೇವಾ ಇಲಾಖೆ ತನ್ನ ಎಲ್ಲ ನಮೂನೆಗಳನ್ನೂ, ಅವುಗಳನ್ನು ತುಂಬುವ ಕ್ರಮವನ್ನು ವಿವರಿಸುವ ಸೂಚನೆಗಳನ್ನೂ ಉಚಿತವಾಗಿಯೇ ಒದಗಿಸುತ್ತದೆ. ಕೊಡಬೇಕಾದದ್ದು ಸರ್ಕಾರದ ಶುಲ್ಕ ಮಾತ್ರ: 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ಪೌರತ್ವದ ಎನ್-400 ಅರ್ಜಿಗೆ ಕಾಗದದಲ್ಲಾದರೆ 760 ಡಾಲರು, ಆನ್‌ಲೈನಿನಲ್ಲಾದರೆ 710 ಡಾಲರು. ವಕೀಲರ ಫೀಸು ಇದರ ಮೇಲಿನದು. ಸರಳವಾದ ಅರ್ಜಿಗೂ ಅದು ಸರ್ಕಾರದ ಶುಲ್ಕವನ್ನು ಮೀರುವುದು ಅಪರೂಪವಲ್ಲ. ಅರ್ಜಿದಾರನ ಪರವಾಗಿ ನಿಲ್ಲುವ ಅಧಿಕಾರವುಳ್ಳವರು ಮುಖ್ಯವಾಗಿ ಎರಡು ವರ್ಗದವರು. ಯಾವುದಾದರೊಂದು ರಾಜ್ಯದ ವಕೀಲಿ ಸನ್ನದು ಪಡೆದವರು ಮೊದಲನೆಯವರು. ನ್ಯಾಯ ಇಲಾಖೆಯ ಮನ್ನಣೆ ಪಡೆದ ಸೇವಾ ಸಂಸ್ಥೆಗಳ ಅಧಿಕೃತ ಪ್ರತಿನಿಧಿಗಳು ಎರಡನೆಯವರು. ಇವರು ಜಿ-28 ಎಂಬ ನಮೂನೆಗೆ ಸಹಿ ಹಾಕಿ ತಾವು ಈ ಕಡತದ ವಕೀಲರು ಅಥವಾ ಪ್ರತಿನಿಧಿಗಳೆಂದು ಇಲಾಖೆಗೆ ತಿಳಿಸಬೇಕು. ಆ ನಮೂನೆಗೆ ಸಹಿ ಹಾಕಲು ಹಿಂದೆಗೆಯುವವನು ಏನೆಂದು ಕರೆದುಕೊಂಡರೂ ವಕೀಲನ ಹೊಣೆಯನ್ನು ಹೊತ್ತವನಲ್ಲ.

ವಕೀಲರನ್ನು ಇಟ್ಟುಕೊಳ್ಳುವ ಹಕ್ಕುಂಟು, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ ಎಂಬ ವಿಚಿತ್ರ ವ್ಯವಸ್ಥೆಯ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. ಚೀನೀಯರನ್ನು ಹೊರಗಿಡುವ ಕಾನೂನುಗಳ ಕಾಲದಲ್ಲಿ, 1893ರ ಫಾಂಗ್ ಯೂ ಟಿಂಗ್ ಮೊಕದ್ದಮೆಯಲ್ಲಿ, ಗಡೀಪಾರು ಮಾಡುವುದು ಅಪರಾಧಕ್ಕೆ ವಿಧಿಸುವ ಶಿಕ್ಷೆಯಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಆ ಮಾತಿನ ಪರಿಣಾಮ ಇಂದಿಗೂ ಉಳಿದಿದೆ: 1963ರ ಗಿಡಿಯನ್ ತೀರ್ಪಿನಿಂದ ಬಡ ಆರೋಪಿಗೆ ಘೋರ ಅಪರಾಧದ ಮೊಕದ್ದಮೆಯಲ್ಲಿ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದಾದರೂ, ಆ ಸೌಲಭ್ಯ ವಲಸೆಗಾರನ ಗಡೀಪಾರು ವಿಚಾರಣೆಗೆ ಅನ್ವಯಿಸಲಿಲ್ಲ. ಕಳವಿನ ಆರೋಪ ಹೊತ್ತವನಿಗೆ ದೊರೆಯುವ ನೆರವು, ಇಪ್ಪತ್ತು ವರ್ಷ ಬಾಳಿದ ಮನೆಯನ್ನೂ ಮಕ್ಕಳನ್ನೂ ಬಿಟ್ಟು ಹೊರಡಬೇಕಾದವನಿಗೆ ಹಕ್ಕಾಗಿ ದೊರೆಯುವುದಿಲ್ಲ. ಮಕ್ಕಳೂ ವಕೀಲರಿಲ್ಲದೆ ವಲಸೆ ನ್ಯಾಯಾಧೀಶರ ಮುಂದೆ ನಿಂತ ನಿದರ್ಶನಗಳುಂಟು.

ಈ ಇತಿಹಾಸದಲ್ಲಿ ಭಾರತೀಯರು ಮರೆಯಬಾರದ ಪ್ರಸಂಗವೊಂದುಂಟು. ಪ್ರಥಮ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಪೌರತ್ವಕ್ಕೆ ಅರ್ಹರೆಂದು ಅಂದಿನ ಕಾನೂನು ಹೇಳಿದ ಶ್ವೇತವರ್ಣೀಯರ ಗಣನೆಗೆ ಭಾರತೀಯರು ಬರತಕ್ಕವರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಥಿಂಡರ ಪಕ್ಷದ ವಕೀಲರಲ್ಲೊಬ್ಬರು ಸಖಾರಾಮ ಗಣೇಶ ಪಂಡಿತ್; 1914ರಲ್ಲಿಯೇ ಪೌರತ್ವ ಪಡೆದು ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ನಡೆಸುತ್ತಿದ್ದವರು. ತೀರ್ಪಿನ ಬಲದಿಂದ ಸರ್ಕಾರ, ಹಿಂದೆ ಪೌರರಾಗಿದ್ದ ಭಾರತೀಯರ ಪೌರತ್ವವನ್ನು ಒಂದೊಂದಾಗಿ ರದ್ದುಪಡಿಸಲು ಹೊರಟು, ಕಡೆಗೆ ಪಂಡಿತರ ಮೇಲೆಯೂ ದಾವೆ ಹೂಡಿತು. ಥಿಂಡರ ಪರವಾಗಿ ಸೋತಿದ್ದ ವಾದವನ್ನು ಅವರು ತಮಗಾಗಿ ಮತ್ತೆ ಹೂಡಲಿಲ್ಲ. ತಮ್ಮ ಪೌರತ್ವದ ಪ್ರಶ್ನೆ ಒಮ್ಮೆ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ಇತ್ಯರ್ಥಗೊಂಡಿದೆ, ಆಗ ಸರ್ಕಾರ ಮೇಲ್ಮನವಿಗೆ ಹೋಗಲಿಲ್ಲ, ಆ ತೀರ್ಮಾನವನ್ನು ನಂಬಿ ತಾವು ವೃತ್ತಿಯನ್ನೂ ಮನೆಯನ್ನೂ ಕಟ್ಟಿಕೊಂಡಾಗಿದೆ, ಈಗ ಅದನ್ನು ಕೆದಕಲಾಗದು ಎಂಬ ನೆಲೆಯಲ್ಲಿ ನಿಂತು 1926ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಅದೇ ಕಾಲದಲ್ಲಿ ಪೌರತ್ವ ಕಳೆದುಕೊಂಡ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ವೈಷ್ಣೋ ದಾಸ್ ಬಾಗಾಯ್ ಅವರು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಕಾನೂನಿನಿಂದಲೇ ತೆರೆದದ್ದು 1946ರಲ್ಲಿ. ಪಂಡಿತರನ್ನು ಉಳಿಸಿದ್ದು ಅವರ ಶೀಲವೂ ಅಲ್ಲ, ದೇಶಭಕ್ತಿಯೂ ಅಲ್ಲ. ಯಾವ ಪ್ರಶ್ನೆಯನ್ನು ಎತ್ತಬೇಕು, ಯಾವುದನ್ನು ಬಿಡಬೇಕೆಂಬ ಶಾಸ್ತ್ರಜ್ಞಾನ. ವಕೀಲರಿಗೆ ನಾವು ಹಣ ಕೊಡುವುದು ಇದಕ್ಕಾಗಿ ಎಂಬುದು ತಿಳಿದರೆ, ಯಾವಾಗ ಕೊಡಬೇಕಿಲ್ಲವೆಂಬುದೂ ತಾನಾಗಿ ತಿಳಿಯುತ್ತದೆ.

ವಲಸೆಯ ಅರ್ಜಿಗಳನ್ನು ಹೀಗೆ ನೋಡಿದಾಗ ಅವು ಎರಡು ರಾಶಿಯಾಗಿ ಬೇರ್ಪಡುತ್ತವೆ. ಕೆಲವು ಅರ್ಜಿಗಳಲ್ಲಿ ಇಲಾಖೆ ಕೇಳುವುದೆಲ್ಲ ದಾಖಲೆಯ ಸಂಗತಿ: ಹುಟ್ಟಿದ್ದೆಂದು, ಮದುವೆಯಾದದ್ದೆಂದು, ದೇಶಕ್ಕೆ ಬಂದದ್ದೆಂದು, ತೆರಿಗೆ ಕಟ್ಟಿದ್ದುಂಟೇ. ಉತ್ತರ ಒಂದೇ ಇರುತ್ತದೆ, ಅದಕ್ಕೊಂದು ಕಾಗದವೂ ಇರುತ್ತದೆ. ಮತ್ತೆ ಕೆಲವು ಅರ್ಜಿಗಳಲ್ಲಿ ಸಂಗತಿಗಳು ಎಲ್ಲರಿಗೂ ತಿಳಿದಿದ್ದರೂ ಅವುಗಳಿಗೆ ಕಾನೂನು ಯಾವ ಅರ್ಥ ಹಚ್ಚುತ್ತದೆಂಬುದೇ ವಿವಾದಾಸ್ಪದ. ಹತ್ತು ವರ್ಷದ ಅವಧಿ ಮುಗಿದ ಗ್ರೀನ್ ಕಾರ್ಡಿನ ನವೀಕರಣ, ಕೆಲಸದ ಪರವಾನಗಿಯ ವಿಸ್ತರಣೆ, ಹಿನ್ನೆಲೆಯಲ್ಲಿ ತೊಡಕಿಲ್ಲದವನ ಪೌರತ್ವ, ಪೌರನಾದ ಮಗ ಭಾರತದಲ್ಲಿರುವ ತಾಯಿತಂದೆಗಳಿಗಾಗಿ ಹಾಕುವ ಐ-130, ಇವೆಲ್ಲ ಮೊದಲನೆಯ ರಾಶಿಯವು. ಇವುಗಳಿಗೆ ಬೇಕಾದದ್ದು ತಾಳ್ಮೆ, ಅಚ್ಚುಕಟ್ಟು, ಸೂಚನೆಗಳನ್ನು ಆದ್ಯಂತ ಓದುವ ಅಭ್ಯಾಸ. ನಮೂನೆಯ ಮೂಲೆಯಲ್ಲಿ ಅಚ್ಚಾಗಿರುವ ಆವೃತ್ತಿಯ ದಿನಾಂಕ ಹಳೆಯದಾಗಿದ್ದರೆ, ಸಹಿ ಬಿಟ್ಟುಹೋಗಿದ್ದರೆ, ಶುಲ್ಕದಲ್ಲಿ ವ್ಯತ್ಯಾಸವಿದ್ದರೆ ಅರ್ಜಿ ಹಾಗೆಯೇ ಹಿಂದಿರುಗುತ್ತದೆ. ಇಂಥ ತಪ್ಪುಗಳು ವಕೀಲರ ಕಚೇರಿಯ ಗುಮಾಸ್ತರಿಂದಲೂ ಆಗದೆ ಇಲ್ಲ.

ಈ ರಾಶಿಯ ಅರ್ಜಿಗಳಲ್ಲಿ ಕನ್ನಡಿಗರಿಗೆ ನಿಜವಾಗಿ ಎದುರಾಗುವ ತೊಡಕುಗಳು ವಕೀಲರಿಂದ ಬಗೆಹರಿಯತಕ್ಕವಲ್ಲ. ಶಾಲೆಯ ದಾಖಲೆಯಲ್ಲಿ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂದು ಬರೆಸಿಕೊಂಡವನು ಪಾಸ್‌ಪೋರ್ಟಿನಲ್ಲಿ ಕುಲನಾಮದ ಕಲಮನ್ನು ಖಾಲಿ ಬಿಟ್ಟರೆ, ಇಡೀ ಹೆಸರನ್ನು ಒಂದೇ ಕಲಮಿನಲ್ಲಿ ತುರುಕಿ, ಇನ್ನೊಂದರಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರವನ್ನು ಮುದ್ರಿಸಿ ವೀಸಾ ಕೈಗೆ ಬರುತ್ತದೆ. ಹೊಸದಾಗಿ ಬಂದವನ ಬ್ಯಾಂಕಿನ ಖಾತೆಯಲ್ಲೂ ಕಾರು ಓಡಿಸುವ ಲೈಸೆನ್ಸಿನಲ್ಲೂ ಆ ಮೂರಕ್ಷರವೇ ಅವನ ಹೆಸರಾಗಿ ಕುಳಿತುಬಿಡುವುದುಂಟು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಮದುವೆಯ ಪ್ರಮಾಣಪತ್ರದ ಹೆಸರಿಗೂ ಹೊಂದಿಕೆಯಾಗದಿದ್ದಾಗ ಮೂವರೂ ಒಬ್ಬನೇ ಎಂದು ಅಫಿಡವಿಟ್ಟು ಮಾಡಿಸಬೇಕಾಗುತ್ತದೆ. 1970ಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ತಾಯಿಗೆ ಜನನ ಪ್ರಮಾಣಪತ್ರವೇ ಇಲ್ಲದಿದ್ದಾಗ, ದಾಖಲೆ ಲಭ್ಯವಿಲ್ಲವೆಂದು ನೋಂದಣಿ ಅಧಿಕಾರಿಯಿಂದ ಪತ್ರ ಪಡೆದು, ಹುಟ್ಟನ್ನು ಬಲ್ಲ ಹಿರಿಯರಿಬ್ಬರ ಪ್ರಮಾಣಿತ ಹೇಳಿಕೆಗಳನ್ನು ಜೋಡಿಸಬೇಕು. ಈ ಕೆಲಸಕ್ಕೆ ಊರಿನಲ್ಲಿ ಓಡಾಡುವ ಸೋದರಮಾವನೊಬ್ಬನಿದ್ದರೆ ಅವನು ನ್ಯೂಯಾರ್ಕಿನ ಯಾವ ವಕೀಲರಿಗಿಂತಲೂ ಹೆಚ್ಚು ಉಪಯುಕ್ತ.

ಆದರೆ ಸರಳವಾದ ಅರ್ಜಿಯೊಳಗೇ ಜಟಿಲವಾದ ಪ್ರಶ್ನೆ ಅಡಗಿರುವುದುಂಟು. ವಿವೇಕಿಯು ಎಚ್ಚರದಿಂದಿರಬೇಕಾದದ್ದು ಇಲ್ಲಿ. ಪೌರತ್ವದ ಅರ್ಜಿಯನ್ನೇ ಹತ್ತಿರದಿಂದ ನೋಡೋಣ. ಗ್ರೀನ್ ಕಾರ್ಡು ಪಡೆದು ಐದು ವರ್ಷ, ಪೌರರನ್ನು ಮದುವೆಯಾಗಿ ಅವರೊಡನೆ ಬಾಳುತ್ತಿರುವವರಾದರೆ ಮೂರು ವರ್ಷ, ನೆಲೆಸಿರಬೇಕು. ಐದು ವರ್ಷದ ಲೆಕ್ಕದಲ್ಲಿ ಕನಿಷ್ಠ ಮೂವತ್ತು ತಿಂಗಳು ದೇಹತಃ ಆ ದೇಶದಲ್ಲಿರಬೇಕು. ಒಂದು ದಿನ ಮೀರಿದ ಪ್ರತಿಯೊಂದು ಪರದೇಶ ಪ್ರವಾಸದ ಹೊರಟ ದಿನ, ಬಂದ ದಿನಗಳನ್ನು ಬರೆಯಬೇಕು. ಪಾಸ್‌ಪೋರ್ಟಿನ ಮುದ್ರೆಗಳನ್ನೂ ಹಳೆಯ ಟಿಕೆಟ್ಟುಗಳನ್ನೂ ಮುಂದಿಟ್ಟುಕೊಂಡು ಕುಳಿತರೆ ಇದು ಒಂದು ಸಂಜೆಯ ಕೆಲಸ. ಈಗ, ಶಿವಮೊಗ್ಗದಲ್ಲಿ ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆಗೆಂದು ಹೋದ ಮಗಳು ಏಳು ತಿಂಗಳು ಅಲ್ಲಿಯೇ ಉಳಿಯಬೇಕಾಯಿತೆಂದು ಇಟ್ಟುಕೊಳ್ಳೋಣ. ಆರು ತಿಂಗಳು ಮೀರಿದ ಆ ಒಂದು ಪ್ರವಾಸದಿಂದ ಆಕೆಯ ನಿರಂತರ ವಾಸಕ್ಕೆ ಭಂಗ ಬಂದಿತೆಂದು ಕಾನೂನು ಮೊದಲೇ ಭಾವಿಸಿಬಿಡುತ್ತದೆ. ಬಂದಿಲ್ಲವೆಂದು ತೋರಿಸಿಕೊಡುವ ಹೊಣೆ ಆಕೆಯದು. ಮನೆ ಬಾಡಿಗೆ ನಿಲ್ಲಲಿಲ್ಲ, ಗಂಡ ಮಕ್ಕಳು ಅಲ್ಲಿಯೇ ಇದ್ದರು, ಉದ್ಯೋಗಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ, ತೆರಿಗೆ ಕಟ್ಟಿದೆ ಎಂಬ ದಾಖಲೆಗಳನ್ನು ಅರ್ಜಿಯ ಜೊತೆಯಲ್ಲಿಯೇ ಇರಿಸುವುದು ಆಕೆಗೆ ಕ್ಷೇಮ. ಆ ಪ್ರವಾಸ ಒಂದು ವರ್ಷವನ್ನು ಮುಟ್ಟಿದ್ದರಂತೂ ಮಾತು ಬೇರೆ. ಆಗ ವಾಸದ ಸರಣಿ ಕಡಿಯಿತೆಂದೇ ಲೆಕ್ಕ. ಮೊದಲನೆಯ ಸ್ಥಿತಿಯವಳು ಒಂದು ಗಂಟೆಯ ಸಲಹೆಗೆ ಹಣ ಕೊಟ್ಟು ಅರ್ಜಿಯನ್ನು ತಾನೇ ಹಾಕಬಹುದು. ಎರಡನೆಯ ಸ್ಥಿತಿಯವಳು ಸಲಹೆಯಿಲ್ಲದೆ ನಮೂನೆಯನ್ನು ತೆರೆಯಲೂ ಬಾರದು.

ಎರಡನೆಯ ರಾಶಿಗೆ ಬಂದರೆ, 1996ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಡಿದ ಕಾನೂನು ಅಲ್ಲಿ ಪ್ರತಿಯೊಂದು ತಿರುವಿನಲ್ಲೂ ಎದುರಾಗುತ್ತದೆ. ಅನುಮತಿಯ ಅವಧಿ ಮೀರಿ 180 ದಿನಕ್ಕೂ ಹೆಚ್ಚು ನಿಂತು ಹೊರಹೋದವನಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಿಂತವನಿಗೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಇಲ್ಲಿನ ಸೂಕ್ಷ್ಮವೆಂದರೆ, ಈ ನಿರ್ಬಂಧ ತಗಲುವುದು ದೇಶವನ್ನು ಬಿಟ್ಟು ಹೊರಟಾಗ. ಆದಕಾರಣ ಅಕ್ಕನ ಮದುವೆಗೆಂದು ನಿಷ್ಕಪಟವಾಗಿ ವಿಮಾನ ಹತ್ತುವುದೇ ಅಂಥವನು ಮಾಡಬಹುದಾದ ಅತ್ಯಂತ ದೊಡ್ಡ ತಪ್ಪಾಗಬಹುದು. ಅಂಗಡಿಯಲ್ಲಿ ಚಿಕ್ಕ ಕಳವಿನ ಆರೋಪಕ್ಕೆ ಸಿಕ್ಕಿ, ಸ್ಥಳೀಯ ನ್ಯಾಯಾಲಯದಲ್ಲಿ ಒಪ್ಪಿಕೊಂಡು, ಸೆರೆಮನೆಯ ಮುಖವನ್ನೂ ನೋಡದೆ ಹಿಂದಿರುಗಿದ ವಿದ್ಯಾರ್ಥಿ ಪ್ರಕರಣ ಮುಗಿಯಿತೆಂದು ತಿಳಿಯುತ್ತಾನೆ. ವಲಸೆ ಕಾನೂನಾದರೋ ಅಮಾನತಿನಲ್ಲಿಟ್ಟ ಶಿಕ್ಷೆಯನ್ನೂ ಶಿಕ್ಷೆಯೆಂದೇ ಎಣಿಸುತ್ತದೆ, ರಾಜ್ಯದ ನ್ಯಾಯಾಲಯ ಅಳಿಸಿಹಾಕಿದ ದಾಖಲೆಯನ್ನೂ ಹೊರಗೆ ತೆಗೆದು ಓದುತ್ತದೆ. ಕಾರಿನ ಲೈಸೆನ್ಸಿಗೆ ಹೋದಾಗ ಮತದಾರನಾಗಿ ನೋಂದಾಯಿಸಿಕೊಳ್ಳಲು ಇಷ್ಟವಿದೆಯೇ ಎಂಬ ಚೌಕದಲ್ಲಿ ಓದದೆ ಗುರುತು ಹಾಕಿದವನು, ತಾನು ಪೌರನೆಂದು ಸುಳ್ಳು ಹೇಳಿದ ದೋಷಕ್ಕೆ ಗುರಿಯಾಗಬಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿಯೇ ಗಾಂಜಾ ಕೊಂಡವನಿಗೆ ಸಂಯುಕ್ತ ಸರ್ಕಾರದ ಕಾನೂನಿನಂತೆ ಅದು ಇಂದಿಗೂ ಅಪರಾಧವೆಂಬುದು ಸಂದರ್ಶನದ ದಿನ ಗೊತ್ತಾಗುತ್ತದೆ. ಇಂಥ ಯಾವುದಾದರೊಂದು ಸಂಗತಿ ತನ್ನ ಬಾಳಿನಲ್ಲಿದೆಯೆಂದು ಬಲ್ಲವನು ಸ್ವಂತ ಅರ್ಜಿಯ ಮಾತನ್ನೇ ಎತ್ತಬಾರದು.

ವಕೀಲರಲ್ಲಿಯೂ ಈ ಶಾಸ್ತ್ರವನ್ನು ಬಲ್ಲವರು ಬೇರೆ, ಬಾರದವರು ಬೇರೆ ಎಂಬುದಕ್ಕೆ 2010ರ ಪಡಿಯಾ ಮೊಕದ್ದಮೆ ಪ್ರಸಿದ್ಧ ನಿದರ್ಶನ. ಹೋಂಡುರಾಸ್‌ನಲ್ಲಿ ಹುಟ್ಟಿ, ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು ಅಮೆರಿಕದಲ್ಲಿ ಕಾಯಂ ನಿವಾಸಿಯಾಗಿದ್ದು, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಹೋಸೆ ಪಡಿಯಾ ಗಾಂಜಾ ಸಾಗಣೆಯ ಆರೋಪದಲ್ಲಿ ಸಿಕ್ಕಿದಾಗ, ಇಷ್ಟು ಕಾಲದಿಂದ ಇಲ್ಲಿರುವ ನಿಮಗೆ ವಲಸೆಯ ಚಿಂತೆ ಬೇಡವೆಂದು ಅವರ ಕ್ರಿಮಿನಲ್ ವಕೀಲರು ಹೇಳಿದ್ದರು. ಒಪ್ಪಿಗೆ ಕೊಟ್ಟದ್ದೇ ತಡ, ಗಡೀಪಾರು ಹೆಚ್ಚುಕಡಿಮೆ ನಿಶ್ಚಿತವಾಯಿತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವುಂಟೇ ಎಂಬುದನ್ನು ಕಕ್ಷಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯವೆಂದು ಸುಪ್ರೀಂ ಕೋರ್ಟು ಆಗ ಘೋಷಿಸಿತು.

ಅಪರಾಧದ ನೆರಳೂ ಇಲ್ಲದ ಸದ್ಗೃಹಸ್ಥರ ಮನೆಗಳಲ್ಲಿಯೂ ವಿವೇಚನೆಯನ್ನು ಬೇಡುವ ಸನ್ನಿವೇಶಗಳು ಕಡಿಮೆಯಿಲ್ಲ. ಮೊಮ್ಮಗುವಿನ ನಾಮಕರಣಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದ ತಾಯಿತಂದೆಗಳನ್ನು ಪೌರನಾದ ಮಗ ಅಲ್ಲಿಯೇ ಉಳಿಸಿಕೊಂಡು ಗ್ರೀನ್ ಕಾರ್ಡಿಗೆ ಐ-485 ಹಾಕುವುದಕ್ಕೆ ಕಾನೂನಿನಲ್ಲಿ ಎಡೆಯಿದೆ. ಆದರೆ ಬರುವಾಗಲೇ ಉಳಿಯುವ ಉದ್ದೇಶವನ್ನಿಟ್ಟುಕೊಂಡು ಅದನ್ನು ಮರೆಮಾಚಿದರೆಂದು ಅಧಿಕಾರಿಗೆ ತೋರಿದರೆ ಅದು ಸುಳ್ಳು ಹೇಳಿಕೆಯ ದೋಷ. ಗ್ರೀನ್ ಕಾರ್ಡು ಕೈಗೆ ಬಂದ ಮೇಲೆಯೂ, ವರ್ಷದ ಹನ್ನೊಂದು ತಿಂಗಳು ಮೈಸೂರಿನ ಮನೆಯಲ್ಲೇ ಕಳೆಯುವ ಹಿರಿಯರಿಗೆ ಆ ಕಾರ್ಡು ಬಹುಕಾಲ ನಿಲ್ಲುವುದಿಲ್ಲ. ಎರಡು ವರ್ಷದ ಮಟ್ಟಿಗಿನ ಮರುಪ್ರವೇಶದ ಪರವಾನಗಿಯನ್ನು ಅಮೆರಿಕದಲ್ಲಿರುವಾಗಲೇ ಕೇಳಿಕೊಳ್ಳಬೇಕೆಂಬುದನ್ನು ಅರಿಯದೆ ಹೊರಟುಬಂದವರೂ ಉಂಟು. ಮಕ್ಕಳ ವಯಸ್ಸಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಉದ್ಯೋಗದ ಮೂಲಕ ವರ್ಷಕ್ಕೆ ದೊರೆಯುವ ಸುಮಾರು 1,40,000 ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ನೂರಕ್ಕೆ ಏಳರ ಮಿತಿಯಿರುವುದರಿಂದ ಭಾರತೀಯರ ಸರದಿ ದಶಕಗಳವರೆಗೆ ಬೆಳೆದಿದೆ. ಅಷ್ಟರಲ್ಲಿ ಮಗುವಿಗೆ ಇಪ್ಪತ್ತೊಂದು ತುಂಬಿದರೆ ಅದು ತಾಯಿತಂದೆಗಳ ಅರ್ಜಿಯಿಂದ ಕಳಚಿಹೋಗುತ್ತದೆ. 2002ರ ಕಾನೂನೊಂದು ಅರ್ಜಿ ಇಲಾಖೆಯಲ್ಲಿ ಕೊಳೆತ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಡುತ್ತದೆ. ಆದರೆ ಯಾವ ದಿನಕ್ಕೆ ವಯಸ್ಸನ್ನು ಎಣಿಸಬೇಕೆಂಬುದನ್ನು ಇಲಾಖೆ 2023ರಲ್ಲಿ ಒಂದು ಬಗೆಯಾಗಿ ಹೇಳಿ, 2025ರ ಆಗಸ್ಟಿನಲ್ಲಿ ಹಿಂದಿನ ಬಗೆಗೇ ಮರಳಿತು. ಒಂದೇ ಜನ್ಮದಿನವುಳ್ಳ ಇಬ್ಬರು ಮಕ್ಕಳಿಗೆ ಎರಡು ವಿಧಿ ದೊರೆಯಬಹುದಾದಲ್ಲಿ, ಹಳೆಯ ಸ್ನೇಹಿತನ ಅನುಭವವನ್ನು ನಂಬಿ ಹೊರಡುವುದು ಸಾಹಸವೇ ಸರಿ.

ಇನ್ನು ಪ್ರಕರಣ ವಲಸೆ ನ್ಯಾಯಾಲಯಕ್ಕೆ ಹೋದ ಮೇಲೆ ಪ್ರಶ್ನೆಗೇ ಎಡೆಯಿಲ್ಲವೆನ್ನಬೇಕು. ಅಲ್ಲಿ ಎದುರಿಗೆ ಸರ್ಕಾರದ ವಕೀಲರು ಇದ್ದೇ ಇರುತ್ತಾರೆ. ಇನ್‌ಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ ಎಂಬ ವಿದ್ವಾಂಸರು 2007ರಿಂದ 2012ರವರೆಗಿನ ಹನ್ನೆರಡು ಲಕ್ಷಕ್ಕೂ ಹೆಚ್ಚು ಗಡೀಪಾರು ಪ್ರಕರಣಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಕೀಲರನ್ನು ಹೊಂದಿದ್ದವರು ನೂರಕ್ಕೆ 37 ಮಂದಿ. ಬಂಧನದಲ್ಲಿದ್ದವರ ಪೈಕಿಯಾದರೆ ನೂರಕ್ಕೆ 14 ಮಾತ್ರ. ವಕೀಲರಿದ್ದವರು ಗೆದ್ದ ಪ್ರಮಾಣ ಇಲ್ಲದವರದಕ್ಕಿಂತ ಬಹು ಮಡಿ ಹೆಚ್ಚಾಗಿತ್ತು. ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ: ಬಲವಾದ ಪ್ರಕರಣವುಳ್ಳವನಿಗೆ ವಕೀಲರು ಸಿಕ್ಕುವುದೂ ಸುಲಭವಾದ್ದರಿಂದ, ಗೆಲುವಿನ ಯಶಸ್ಸೆಲ್ಲ ವಕೀಲರದೇ ಎನ್ನಲಾಗದು. ಈ ಆಕ್ಷೇಪಣೆಗೆ ನ್ಯೂಯಾರ್ಕ್ ನಗರದ ಪ್ರಯೋಗ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ. 2013ರಿಂದ ಆ ನಗರ, ಬಂಧನದಲ್ಲಿದ್ದ ಬಡ ವಲಸೆಗಾರರಿಗೆ ಪ್ರಕರಣದ ಬಲಾಬಲವನ್ನು ನೋಡದೆ ಸಾರ್ವಜನಿಕ ಹಣದಿಂದ ವಕೀಲರನ್ನು ಒದಗಿಸಿತು. ಹಿಂದೆ ವಕೀಲರಿಲ್ಲದೆ ನೂರಕ್ಕೆ 4ರಷ್ಟಿದ್ದ ಗೆಲುವಿನ ಪ್ರಮಾಣ ನೂರಕ್ಕೆ 48ಕ್ಕೆ ಏರುವುದೆಂದು ವೀರಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ಸಾಧಾರಣ ಅರ್ಜಿದಾರನೂ ಈ ನ್ಯಾಯಾಲಯವನ್ನು ಸಂಪೂರ್ಣವಾಗಿ ಮರೆಯುವಂತಿಲ್ಲ. ಅರ್ಜಿ ತಿರಸ್ಕೃತವಾದಾಗ ಅವನ ಕೈಯಲ್ಲಿ ಬೇರೆ ಯಾವ ಸ್ಟೇಟಸ್ಸೂ ಇಲ್ಲದಿದ್ದರೆ, ಗಡೀಪಾರು ವಿಚಾರಣೆಗೆ ಹಾಜರಾಗೆಂಬ ನೋಟೀಸು ಬರಬಹುದು.

ನಮ್ಮ ತಂತ್ರಜ್ಞರಲ್ಲಿ ಬಹುಮಂದಿ, ತಮಗೆ ಕಂಪನಿಯ ಲಾಯರಿದ್ದಾರೆ, ಇನ್ನೇತರ ಚಿಂತೆ ಎಂದು ನಿಶ್ಚಿಂತರಾಗಿರುತ್ತಾರೆ. ಎಚ್-1ಬಿ ಅರ್ಜಿಯನ್ನು ಹಾಕುವವನು ನೌಕರನಲ್ಲ, ಮಾಲೀಕ. ಪರ್ಮ್ ಎಂಬ ಕಾರ್ಮಿಕ ಪ್ರಮಾಣಪತ್ರದ ಹಂತದ ಖರ್ಚನ್ನೂ ಆ ಹಂತದಲ್ಲಿ ತನ್ನ ವಕೀಲರ ಫೀಸನ್ನೂ ಮಾಲೀಕನೇ ಭರಿಸಬೇಕು, ನೌಕರನ ಮೇಲೆ ಹೇರಕೂಡದೆಂದು 2007ರಿಂದ ನಿಯಮವಿದೆ. ಈ ಮಟ್ಟಿಗೆ ನೌಕರನು ಸ್ವತಃ ವಕೀಲರನ್ನು ಹುಡುಕುವ ಅವಶ್ಯಕತೆಯೇ ಬೀಳುವುದಿಲ್ಲ. ಆದರೆ ಮಾಲೀಕನ ಹಣ ಪಡೆಯುವ ವಕೀಲರು ಮಾಲೀಕನ ಹಿತವನ್ನು ಮರೆಯಲಾರರು, ಮರೆಯಲೂ ಬಾರದು. ಗ್ರೀನ್ ಕಾರ್ಡಿಗಾಗಿ ಮಾಲೀಕನು ಹಾಕಿದ ಐ-140 ಅರ್ಜಿ ಮಂಜೂರಾಗಿ 180 ದಿನ ತುಂಬಿದ ಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಮಂಜೂರಾತಿ ಉಳಿಯುತ್ತದೆಂಬುದನ್ನೂ, ಐ-485 ಹಾಕಿ 180 ದಿನವಾದ ಮೇಲೆ ಅದೇ ಬಗೆಯ ಇನ್ನೊಂದು ಉದ್ಯೋಗಕ್ಕೆ ಹೋಗಬಹುದೆಂಬುದನ್ನೂ, ಕಂಪನಿಯನ್ನು ಬಿಡಬೇಕೆಂದಿರುವ ನೌಕರನಿಗೆ ಕಂಪನಿಯ ವಕೀಲರೇ ಮನೆಗೆ ಕರೆದು ಹೇಳುವರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹೊಸ ಉದ್ಯೋಗ ಹಳೆಯದಕ್ಕೆ ಸದೃಶವೋ ಅಲ್ಲವೋ ಎಂಬುದು ದಾಖಲೆಯಿಂದಲ್ಲ, ವಾದದಿಂದ ತೀರತಕ್ಕ ಪ್ರಶ್ನೆ. ಕೆಲಸ ಬದಲಿಸುವಾಗ, ಕೆಲಸ ಕಳೆದುಕೊಂಡಾಗ, ವಿವಾಹ ಮುರಿದು ಅವಲಂಬಿತೆಯ ಸ್ಟೇಟಸ್ಸು ಅಲುಗಾಡಿದಾಗ ಕಂಪನಿಗೆ ಸೇರದ ಸ್ವತಂತ್ರ ವಕೀಲರ ಬಳಿ ಒಂದು ಗಂಟೆ ಕಳೆಯುವುದು ವ್ಯರ್ಥ ವೆಚ್ಚವಾಗಲಾರದು.

ವಕೀಲರನ್ನು ಇಟ್ಟುಕೊಳ್ಳಲು ನಿಶ್ಚಯಿಸಿದವನ ಕಷ್ಟಗಳೂ ಅಲ್ಲಿಗೆ ಮುಗಿಯುವುದಿಲ್ಲ. ವಕೀಲಿ ಸನ್ನದಿಲ್ಲದ ಸಲಹೆಗಾರರೂ, ಕೇವಲ ಸಹಿಗೆ ಸಾಕ್ಷಿಯಾಗುವ ಅಧಿಕಾರವುಳ್ಳ ನೋಟರಿಗಳೂ, ತೆರಿಗೆ ಲೆಕ್ಕ ಬರೆಯುವವರೂ ವಲಸೆಯ ಅರ್ಜಿಗಳನ್ನು ತುಂಬಿಕೊಟ್ಟು ಹಣ ಪಡೆಯುವುದು ಅಮೆರಿಕದ ನಗರಗಳಲ್ಲಿ ಹಳೆಯ ಪಿಡುಗು. ಲ್ಯಾಟಿನ್ ಅಮೆರಿಕದಿಂದ ಬಂದವರು ಇವರಿಂದ ಹೆಚ್ಚಾಗಿ ಮೋಸಹೋಗಿದ್ದಾರೆ. ವಕೀಲರ ಸನ್ನದು ಚಾಲ್ತಿಯಲ್ಲಿದೆಯೇ, ಅವರ ಮೇಲೆ ಶಿಸ್ತಿನ ಕ್ರಮವಾಗಿದೆಯೇ ಎಂಬುದನ್ನು ಆಯಾ ರಾಜ್ಯದ ವಕೀಲರ ಸಂಘದಲ್ಲಿ ಪರೀಕ್ಷಿಸಬಹುದು. ಯಾವ ಕೆಲಸಕ್ಕೆ ಎಷ್ಟು ಫೀಸು, ಇಲಾಖೆ ಮತ್ತಷ್ಟು ಪುರಾವೆ ಕೇಳಿದರೆ ಅದಕ್ಕೆ ಉತ್ತರ ಬರೆಯುವುದು ಆ ಫೀಸಿನಲ್ಲಿ ಸೇರಿದೆಯೇ, ಸಂದರ್ಶನಕ್ಕೆ ಜೊತೆಯಲ್ಲಿ ಬರುವರೇ ಎಂಬುದೆಲ್ಲ ಬರೆಹದಲ್ಲಿರಬೇಕು. ಖಂಡಿತವಾಗಿ ಮಾಡಿಸಿಕೊಡುತ್ತೇನೆಂದು ಭಾಷೆ ಕೊಡುವವನನ್ನು ಆ ಒಂದೇ ಕಾರಣಕ್ಕಾಗಿ ಬಿಡಬಹುದು. ವಕೀಲರ ಅಸಮರ್ಥತೆಯಿಂದ ಕೆಟ್ಟ ಪ್ರಕರಣವನ್ನು ಮತ್ತೆ ತೆರೆಸಲು 1988ರ ಲೊಜಾಡಾ ನಿರ್ಣಯ ಒಂದು ದಾರಿಯನ್ನು ತೋರಿಸಿದೆ. ಆ ವಕೀಲರಿಗೆ ಆರೋಪವನ್ನು ತಿಳಿಸಬೇಕು, ಸಂಘಕ್ಕೆ ದೂರು ಕೊಡಬೇಕು ಅಥವಾ ಕೊಡದಿದ್ದುದಕ್ಕೆ ಕಾರಣ ಹೇಳಬೇಕು, ಪ್ರಮಾಣಿತ ಹೇಳಿಕೆ ಬರೆಯಬೇಕು. ದಾರಿಯೇನೋ ಇದೆ, ನಡೆಯುವವನ ಕಾಲು ಸವೆಯುತ್ತದೆ.

ವಕೀಲರ ಶಕ್ತಿ ಎಲ್ಲಿಗೆ ನಿಲ್ಲುತ್ತದೆಂಬುದನ್ನೂ ಅರಿಯಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟು ಉದ್ಘಾಟನೆಯಾದರೂ ಅದು ವೀಸಾ ಸೇವೆಯೊಡನೆ ಆರಂಭವಾಗಲಿಲ್ಲ; ಚೆನ್ನೈಗೋ ಹೈದರಾಬಾದಿಗೋ ರಾತ್ರಿಯ ಬಸ್ಸು ಹತ್ತುವುದು ಕನ್ನಡಿಗರಿಗೆ ಬಹುಕಾಲದ ರೂಢಿ. ಅಲ್ಲಿನ ಕಿಟಕಿಯ ಮುಂದೆ ಅರ್ಜಿದಾರನಿಗೆ ಸಿಕ್ಕುವುದು ಕೆಲವೇ ನಿಮಿಷ. ವಿಸಿಟರ್ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲಿಯೇ ನೆಲೆಸಲು ಹೊರಟವನೆಂದು ಕಾನೂನು ಮೊದಲೇ ಊಹಿಸುವುದರಿಂದ, ಊರಿಗೆ ಹಿಂದಿರುಗುವ ಕಾರಣಗಳನ್ನು ಅವನೇ ತನ್ನ ಬಾಯಿಂದ ಹೇಳಬೇಕು. ಅಲ್ಲಿನ ನಿರಾಕರಣೆಯನ್ನು ಅಮೆರಿಕದ ನ್ಯಾಯಾಲಯಗಳು ಸಾಧಾರಣವಾಗಿ ಮುಟ್ಟುವುದಿಲ್ಲವೆಂಬ ತತ್ತ್ವವನ್ನು 2024ರ ಮುನೋಜ್ ತೀರ್ಪು ಮತ್ತೆ ಗಟ್ಟಿಮಾಡಿದೆ. ಇಲ್ಲಿ ಸಾವಿರಾರು ರೂಪಾಯಿ ಪಡೆದು ಡಿಎಸ್-160 ಎಂಬ ವೀಸಾ ಅರ್ಜಿಯನ್ನು ತುಂಬಿಕೊಡುವ ಏಜೆಂಟನು ಮಾಡುವುದು ಬೆರಳಚ್ಚಿನ ಕೆಲಸ; ವೀಸಾ ಸಿಕ್ಕಲೆಂದು ಅವನು ಸೇರಿಸಿದ ಒಂದು ಸುಳ್ಳು ಮಾತ್ರ ಅರ್ಜಿದಾರನ ಹೆಸರಿನಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ.

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಹೇಳಬಹುದೆಂದು ತೋರುತ್ತದೆ. ಅರ್ಜಿ ಹಾಕುವ ಮೊದಲು ನಮೂನೆಯನ್ನು ಸೂಚನೆಗಳೊಡನೆ ಸಂಪೂರ್ಣವಾಗಿ ಓದಿ, ಪ್ರತಿಯೊಂದು ಪ್ರಶ್ನೆಗೂ ಕಾಗದದ ಆಧಾರವುಳ್ಳ ಒಂದೇ ಉತ್ತರ ತನ್ನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ವಕೀಲರಿಗೆ ಕೊಡುವ ಹಣ ಮನಸ್ಸಿನ ನೆಮ್ಮದಿಗೆ ಕೊಡುವ ಹಣ. ಅನುಕೂಲವುಳ್ಳವರು ಕೊಡಲಿ, ಇಲ್ಲದವರು ಅಳುಕಬೇಕಾದ್ದಿಲ್ಲ. ಒಂದು ಪ್ರಶ್ನೆಯ ಮುಂದೆ ‘ಹೌದು, ಆದರೆ’ ಎಂಬ ಮಾತು ಮನಸ್ಸಿಗೆ ಬಂದರೂ ಆ ಒಂದು ಪ್ರಶ್ನೆಯ ಮಟ್ಟಿಗೆ ಸಲಹೆ ಪಡೆಯಬೇಕು. ಸಲಹೆಗೆ ಮಾತ್ರ ಫೀಸು ಕೊಟ್ಟು ಅರ್ಜಿಯನ್ನು ತಾನೇ ಹಾಕುವ ಮಧ್ಯಮ ಮಾರ್ಗವೂ ಉಂಟು; ಬಡವರಿಗೆ ಮನ್ನಣೆ ಪಡೆದ ಸೇವಾ ಸಂಸ್ಥೆಗಳು ಅಲ್ಪ ಶುಲ್ಕದಲ್ಲಿಯೋ ಉಚಿತವಾಗಿಯೋ ಈ ನೆರವನ್ನು ಕೊಡುತ್ತವೆ. ಬಂಧನ, ಅಕ್ರಮ ವಾಸ, ಹಿಂದಿನ ಸುಳ್ಳು ಹೇಳಿಕೆ, ಹಿಂದಿನ ತಿರಸ್ಕಾರ, ನ್ಯಾಯಾಲಯದ ನೋಟೀಸು, ಇವುಗಳಲ್ಲಿ ಒಂದಿದ್ದರೂ ಸಾಲ ಮಾಡಿಯಾದರೂ ಬಲ್ಲ ವಕೀಲರನ್ನು ಹಿಡಿಯಬೇಕು.

ಯಾವ ಮಾರ್ಗವನ್ನು ಹಿಡಿದರೂ ಒಂದು ಹೊಣೆಯನ್ನು ಮಾತ್ರ ಬೇರೆಯವರ ಹೆಗಲಿಗೆ ದಾಟಿಸಲಾಗದು. ಅರ್ಜಿಯ ಕೊನೆಯಲ್ಲಿ, ಇದರಲ್ಲಿರುವುದೆಲ್ಲ ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕುವವನು ಅರ್ಜಿದಾರನೇ. ವಕೀಲರು ತುಂಬಿದರು, ಏಜೆಂಟನು ತುಂಬಿದನು, ನಾನು ಓದಲಿಲ್ಲ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಇಲ್ಲಿ ಇನ್ನೊಂದನ್ನು ಸೇರಿಸಬೇಕಾಗುತ್ತದೆ: ತನ್ನ ಕಡತವನ್ನು ತಾನೇ ಓದದವನಿಗೆ ಎಂಥ ವಕೀಲರೂ ಪೂರ್ಣ ನೆರವಾಗಲಾರರು. ಕಳಿಸಿದ ಪ್ರತಿಯೊಂದು ಕಾಗದದ ಪ್ರತಿಯನ್ನು ಇಟ್ಟುಕೊಂಡು, ಬಂದ ಪ್ರತಿಯೊಂದು ನೋಟೀಸಿನ ಗಡುವನ್ನು ಗುರುತಿಸಿಕೊಂಡು, ಹತ್ತು ವರ್ಷದ ಹಿಂದೆ ಯಾವ ಅರ್ಜಿಯಲ್ಲಿ ಏನು ಹೇಳಿದೆನೆಂಬುದನ್ನು ಬಲ್ಲವನು ವಕೀಲರನ್ನು ಇಟ್ಟುಕೊಂಡರೆ ಅವರ ಒಂದು ಗಂಟೆಯಿಂದ ಹತ್ತು ಗಂಟೆಯ ಫಲವನ್ನು ಪಡೆಯುತ್ತಾನೆ. ಇಟ್ಟುಕೊಳ್ಳದಿದ್ದರೆ, ಯಾವ ದಿನ ಅವರ ಬಾಗಿಲಿಗೆ ಹೋಗಬೇಕೆಂಬುದನ್ನಾದರೂ ಸಕಾಲದಲ್ಲಿ ತಿಳಿಯುತ್ತಾನೆ.